ವಾಡೆಯ ಬಾಗಿಲು ಹೇರೋಹಳ್ಳಿಗೆ ಬಂದಿದ್ದು

ಬರೆದು ತುಂಬಾ ದಿನ ಆಯ್ತು. ಇವತ್ತು ಬರೆಸ್ತಿರೋದು ಒಂದು ಬಾಗಿಲು!

ಹೋದ ಭಾನುವಾರ ಹೇರೋಹಳ್ಳಿಯ ನಮ್ಮ ಬೀದಿಯಲ್ಲೇ ಗೃಹಪ್ರವೇಶ. ಮೂವತ್ತು-ನಲವತ್ತರ ಸೈಟಿನ ಮನೆಗೆ ಹಳೇ ಸಾಗುವಾನಿ ಬಾಗಿಲು, ಮೈತುಂಬ ದಪ್ಪ ಕಬ್ಬಿಣದ ಮೊಳೆ. "ಧಾರವಾಡದ ಕಡೆ ಯಾವ್ದೋ ವಾಡೆದಂತೆ ಸಾರ್. ಎತ್ತರ ಜಾಸ್ತಿ ಆಯ್ತು, ಮೇಲೆ ಒಂದಡಿ ಕೊಯ್ಸಿದ್ವಿ" ಅಂದ್ರು ಮೇಸ್ತ್ರಿ. ಊಟ ಚೆನ್ನಾಗಿತ್ತು. ಮನಸ್ಸು ಮಾತ್ರ ಆ ಕೊಯ್ದ ಒಂದಡಿಯಲ್ಲೇ ಉಳೀತು...

ನಾನೂ ಆ ಕಡೆಯವನೇ. ವಾಡೆ ಅಂದ್ರೆ ಬರೀ ದೊಡ್ಡ ಮನೆ ಅಲ್ಲ. ದೇಸಾಯರು ಕಂದಾಯ ಎತ್ತುತ್ತಿದ್ದ ಕಾಲಕ್ಕೆ ಮನೆ, ಕಚೇರಿ, ಕೋಟೆ ಮೂರೂ ಅದೇ. ಹೊರಗೆ ದಪ್ಪ ಗೋಡೆ, ಒಳಗೆ ಅಂಗಳ. ಊರ ಕಾವಲಿಗೆ ಹುಡೇವು. 1824ರಲ್ಲಿ ಚೆನ್ನಮ್ಮ ಕಾದಾಡಿದ ಕಿತ್ತೂರಿನಲ್ಲಿ ಅರಮನೆಯ ಮೊಂಡು ಗೋಡೆಗಳು ಇನ್ನೂ ನಿಂತಿವೆ.

ಇಟ್ಟಿಗೆ-ಗಾರೆ ಕೆಲಸ ನಮಗೆ ಹೊಸದಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಗೋಪುರ ನೋಡಿ, ಕೆಳಗೆ ಕಲ್ಲು, ಮೇಲೆ ಇಟ್ಟಿಗೆ. ಭಾರ ಕಡಿಮೆಯಾಗಲಿ ಅಂತ. ಆದ್ರೆ ಇಂಥ ಗೋಡೆಗೆ ನೀರೇ ವೈರಿ. ಬಾಗಿಲು, ಕಂಬ, ತೊಲೆ ಮಾರಿದ್ರೆ ಮಾಳಿಗೆ ಕೂರುತ್ತೆ. ಮಾಳಿಗೆ ಹೋದ್ರೆ ಮಳೆ ಗೋಡೆಯ ನೆತ್ತಿಯಿಂದಲೇ ಒಳಗಿಳಿಯುತ್ತೆ. ಆಮೇಲೆ ಉಳಿಯೋದು ಮಣ್ಣಿನ ಗುಡ್ಡೆ.

ಇಂಗ್ಲೆಂಡಿನ ಟ್ಯಾಟರ್ಶಾಲ್‌ನಲ್ಲಿ 1430-40ರ ದಶಕಗಳಲ್ಲಿ ಕಟ್ಟಿದ ಇಟ್ಟಿಗೆಯ ಗೋಪುರ-ಮನೆ ಇದೆ. ಅದರ ಕೆತ್ತನೆಯ ಅಗ್ಗಿಷ್ಟಿಕೆಗಳನ್ನು ಕಿತ್ತು ಅಮೆರಿಕಕ್ಕೆ ಸಾಗಿಸೋ ತಯಾರಿ ನಡೆದಿತ್ತು. 1911ರಲ್ಲಿ ಕರ್ಜನ್ ಆ ಕಟ್ಟಡ ಕೊಂಡು, ಅಗ್ಗಿಷ್ಟಿಕೆಗಳನ್ನೂ ವಾಪಸ್ ತರಿಸಿದ. ಹೌದು, ಬಂಗಾಳ ಒಡೆದ ಅದೇ ಕರ್ಜನ್! ನಮ್ಮಲ್ಲಿ 1904ರ ಪ್ರಾಚೀನ ಸ್ಮಾರಕ ಕಾಯ್ದೆ ಬಂದಿದ್ದೂ ಅವನ ಕಾಲದಲ್ಲೇ.

"ಬಿಡಪ್ಪಾ, ಅವು ದೌಲತ್ತಿನ ಮನೆಗಳು" ಅನ್ನಬಹುದು ನೀವು. ನಿಜ. ನಮ್ಮಜ್ಜ ಅಂಥದ್ದೇ ಒಂದು ಬಾಗಿಲ ಮುಂದೆ ಚಪ್ಪಲಿ ಕೈಲಿ ಹಿಡ್ಕೊಂಡು ನಿಂತವನು. ಅದಕ್ಕೇ ಹೇಳೋದು, ಆ ಬಾಗಿಲು ಅಲ್ಲೇ ಇರಬೇಕು. ಅಜ್ಜ ಎಲ್ಲಿ ನಿಂತಿದ್ದ ಅಂತ ನನ್ನ ಮಗಳಿಗೆ ತೋರಿಸೋಕೆ ಜಾಗ ಬೇಡವಾ? ಹೇರೋಹಳ್ಳಿಯಲ್ಲಿ ಅದು ಬರೀ ಶೋ ಪೀಸು.

ಪಾಲು ಹಂಚಿಕೆಯ ಜಗಳ, ರಿಪೇರಿ ಖರ್ಚು ಎಲ್ಲಾ ಗೊತ್ತು. ಮಾರಲೇಬೇಕಾದ್ರೆ, ಕೆಡವೋ ಮೊದಲು ಅಳತೆ, ನಕ್ಷೆ, ಫೋಟೋ ಆದ್ರೂ ಆಗಲಿ. ನಿಮ್ಮೂರಲ್ಲಿ ವಾಡೆ, ಹುಡೇವು ಇದ್ರೆ ಮುಂದಿನ ರಜೆಗೆ ಹೋದಾಗ ಚಿತ್ರ ತೆಗೆದು ನಿಮ್ಮ ಬ್ಲಾಗಿಗೆ ಹಾಕಿ. ಕೊಂಡಿ ಇಲ್ಲಿ ಕೊಡಿ, ಕಾಯ್ತಿರ್ತೀನಿ.