ಆಲಿಸುವ ವಿದ್ಯೆ

ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದೆವು. ಆದರೆ ಮಗನ ಕುಡಿತದಿಂದ ನೊಂದ ತಾಯಿ ಗುರುನಿವಾಸದ ಬಾಗಿಲಿಗೆ ಬಂದಾಗ ತರ್ಕಶಾಸ್ತ್ರ ನೆರವಿಗೆ ಬಾರದು. ಈ ಕೊರತೆಯನ್ನು ಅಮೆರಿಕದ ಪ್ರೊಟೆಸ್ಟಂಟ್ ಸಭಾಪಾಲಕ ಆಂಟನ್ ಬಾಯ್ಸನ್ ಬಹು ಹಿಂದೆಯೇ ಕಂಡಿದ್ದರು. 1920ರಲ್ಲಿ ಸ್ವತಃ ಮನೋರೋಗದಿಂದ ಆಸ್ಪತ್ರೆ ಸೇರಿದ್ದ ಅವರು, 1925ರಲ್ಲಿ ವೂಸ್ಟರ್‌ನ ಮಾನಸಿಕ ಆಸ್ಪತ್ರೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ರೋಗಿಗಳ ನಡುವೆಯೇ ತರಬೇತಿ ಆರಂಭಿಸಿದರು.

ಇಂದು ಕಿರಿಯ ಗುರುವೊಬ್ಬರನ್ನು ಆಪ್ತಸಲಹೆಯ ಸ್ನಾತಕೋತ್ತರ ವ್ಯಾಸಂಗಕ್ಕೆ ಕಳುಹಿಸಿದರೆ, ಬಲಿಪೂಜೆಗೇ ಗುರುಗಳಿಲ್ಲದಿರುವಾಗ ಇದೇಕೆ ಎನ್ನುವವರಿದ್ದಾರೆ. ಅಲ್ಲಿ ಅವರು ಮೌನವಾಗಿ ಆಲಿಸಲು ಕಲಿಯುತ್ತಾರೆ (ಉಪದೇಶವಂತೂ ನಮಗೆ ಬೇಕಾದಷ್ಟು ಬರುತ್ತದೆ). ಯಾರನ್ನು ಪ್ರಾರ್ಥನೆಯೊಂದಿಗೆ ಮನೋವೈದ್ಯರ ಬಳಿಗೂ ಕಳುಹಿಸಬೇಕೆಂಬುದನ್ನು ಅರಿಯುತ್ತಾರೆ. ಖಿನ್ನತೆಯನ್ನು ವಿಶ್ವಾಸದ ಕೊರತೆಯೆಂದು ಗದರಿದರೆ ಒಂದು ಜೀವವೇ ಹೋದೀತು. ಎರಡು ವರ್ಷ ಭಾನುವಾರದ ಒಂದು ಪೂಜೆ ಕಡಿಮೆಯಾದರೂ ಧರ್ಮಕೇಂದ್ರದ ಕುಟುಂಬಗಳು ಸಹಿಸಿಕೊಳ್ಳಲಿ.