ಅತ್ತೆ–ಸೊಸೆಯರ ಕಥೆಯಲ್ಲಿ ಮರೆಯಾದ ಮಗ

ಅವಿಭಕ್ತ ಕುಟುಂಬವನ್ನು ಕುರಿತ ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಒಂದು ರೂಢಿ ಬೇರೂರಿದೆ. ಮದುವೆಯಾಗಿ ಬಂದ ಹೆಣ್ಣು ಗಂಡನ ತಂದೆತಾಯಿಗಳೊಡನೆ ಒಂದೇ ಸೂರಿನಡಿ ಬಾಳುವ ಪ್ರಸಂಗ ಯಾವ ಕೃತಿಯಲ್ಲಿ ಬಂದರೂ ಅದನ್ನು ‘ಅತ್ತೆ–ಸೊಸೆಯರ ಸಂಘರ್ಷ’ ಎಂಬ ತಲೆಬರಹದ ಕೆಳಗೆ ತಂದು ನಿಲ್ಲಿಸುತ್ತೇವೆ. ಒಬ್ಬಳು ಬಿರುನುಡಿಯವಳು, ಇನ್ನೊಬ್ಬಳು ಸಹನಶೀಲೆ. ಅಥವಾ ಕಾಲ ತಿರುಗಿದ ಮೇಲೆ ಇದು ಅದಲುಬದಲು. ಗಾದೆಗಳೂ ಈ ಎಣಿಕೆಗೆ ಬೆಂಬಲವಾಗಿವೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತೇವೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತೇವೆ. ಈ ಗಾದೆಯಲ್ಲಿ ಕೊತ್ತಿಗೂ ಒಂದು ಸ್ಥಾನವಿದೆ; ಆ ಇಬ್ಬರು ಹೆಂಗಸರನ್ನು ಒಂದೇ ಮನೆಗೆ ತಂದವನಿಗೆ ಮಾತ್ರ ಇಲ್ಲ.

ನನ್ನ ಅಭಿಪ್ರಾಯದಲ್ಲಿ ನಮ್ಮ ಕವಿಗಳು ಈ ವಿಷಯದಲ್ಲಿ ವಿಮರ್ಶಕರಿಗಿಂತ ಹೆಚ್ಚು ಕಂಡಿದ್ದಾರೆ. ಹಳಗನ್ನಡ ಕಾವ್ಯದಿಂದ ಹಿಡಿದು ಈಚಿನ ಕಥನದವರೆಗೆ, ಸೊಸೆಯ ಬಾಳು ಮುರಿದು ಬೀಳುವ ಮುಖ್ಯ ಕೃತಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ, ಅಲ್ಲಿ ನಿರ್ಣಾಯಕವಾಗಿರುವುದು ಅತ್ತೆಯ ಕ್ರೌರ್ಯವಲ್ಲ, ಮಗನಾಗಿಯೂ ಗಂಡನಾಗಿಯೂ ನಡುವೆ ನಿಂತವನ ಮೌನ. ಅವನು ಒಬ್ಬರಿಗೆ ಸುಳ್ಳು ಹೇಳುತ್ತಾನೆ, ಇನ್ನೊಬ್ಬರಿಗೆ ಏನೂ ಹೇಳುವುದಿಲ್ಲ, ಇಲ್ಲವೇ ಆ ಹೊತ್ತಿಗೆ ಊರಿನಲ್ಲಿಯೇ ಇರುವುದಿಲ್ಲ.

ಜನ್ನನ ಯಶೋಧರಚರಿತೆಯನ್ನೇ (1209) ತೆಗೆದುಕೊಳ್ಳೋಣ. ವಿದ್ಯಾರ್ಥಿಗಳು ಇದನ್ನು ಓದುವುದು ಎರಡು ಬಗೆಯಲ್ಲಿ. ಒಂದು, ಸಂಕಲ್ಪಹಿಂಸೆಯ ಫಲವನ್ನು ತೋರಿಸುವ ಧರ್ಮಕಥೆಯಾಗಿ. ಎರಡು, ಅಮೃತಮತಿ ಮತ್ತು ಅಷ್ಟಾವಂಕನ ವಿಲಕ್ಷಣ ಪ್ರಣಯದ ಕಥೆಯಾಗಿ. ಎರಡೂ ಸರಿಯಾದ ಓದುಗಳೇ. ಆದರೆ ಇದು ಮೂರು ಜನರಿರುವ ಒಂದು ಮನೆಯ ಕಥೆಯೂ ಹೌದು ಎಂಬುದನ್ನು ನಾವು ಗಮನಿಸುವುದು ಕಡಿಮೆ. ತಾಯಿ ಚಂದ್ರಮತಿ, ಮಗ ಯಶೋಧರ, ಸೊಸೆ ಅಮೃತಮತಿ. ತಂದೆ ಯಶೌಘ ನರೆಗೂದಲನ್ನು ಕಂಡು ವೈರಾಗ್ಯ ತಳೆದು ಹೊರಟುಹೋಗಿದ್ದಾನೆ. ಇಲ್ಲಿ ತಾಯಿ–ಮಗನ ನಡುವೆ ಮಾತಿದೆ, ಗಂಡ–ಹೆಂಡಿರ ನಡುವೆ ಮಾತಿದೆ; ಅತ್ತೆ–ಸೊಸೆಯರ ನಡುವೆ ನೆನಪಿನಲ್ಲಿ ನಿಲ್ಲುವಂತಹ ಒಂದು ಸಂವಾದವೂ ಇಲ್ಲ. ಅಂದರೆ ಆ ಅರಮನೆಯ ಮಾತೆಲ್ಲವೂ ಯಶೋಧರನ ಮೂಲಕವೇ ಹಾಯಬೇಕು.

ಅವನು ಏನು ಮಾಡುತ್ತಾನೆ? ಇರುಳಿನಲ್ಲಿ ಹೆಂಡತಿಯ ಹಿಂದೆಯೇ ಹೋಗಿ ಕಣ್ಣಾರೆ ಕಾಣುತ್ತಾನೆ. ಕೈ ಖಡ್ಗಕ್ಕೆ ಹೋದರೂ ತಡೆದುಕೊಳ್ಳುತ್ತಾನೆ. ಮರುದಿನ ಅವಳೊಡನೆ ನೇರವಾಗಿ ಆಡದೆ ಹೂವೊಂದರಿಂದ ಹೊಡೆದು ತನಗೆ ತಿಳಿದಿದೆಯೆಂಬುದನ್ನು ಸೂಚಿಸುತ್ತಾನೆ. ತಾಯಿಯ ಮುಂದೆ ಹೋದಾಗ ಅದೇ ಸಂಗತಿಯನ್ನು ಕೆಟ್ಟ ಕನಸೊಂದರ ರೂಪದಲ್ಲಿ ಮರೆಸಿ ಹೇಳುತ್ತಾನೆ. ಮಗನ ಮುಖ ಬಾಡಿದ್ದನ್ನು ಕಂಡ ತಾಯಿಗೆ ತಿಳಿದಿರುವುದು ಆ ಕನಸಷ್ಟೇ. ದುಃಸ್ವಪ್ನಕ್ಕೆ ಅವಳಿಗೆ ಗೊತ್ತಿರುವ ಶಾಂತಿಯೆಂದರೆ ಚಂಡಮಾರಿಗೆ ಬಲಿ. ಮಗ ಜೀವಹಿಂಸೆಗೆ ಒಪ್ಪುವುದಿಲ್ಲ, ತಾಯಿ ಪಟ್ಟು ಬಿಡುವುದಿಲ್ಲ. ಇಬ್ಬರ ಮಾತೂ ಉಳಿಯಲೆಂದು ಹಿಟ್ಟಿನ ಕೋಳಿ ಹುಟ್ಟುತ್ತದೆ. ಕತ್ತಿ ತಗುಲಿದಾಗ ಅದು ಕೂಗುತ್ತದೆ. ಮುಂದೆ ಸೊಸೆ ಬಡಿಸಿದ ವಿಷದ ಊಟವನ್ನು ಉಂಡು ತಾಯಿ–ಮಗ ಇಬ್ಬರೂ ಸಾಯುತ್ತಾರೆ.

ಹಿಟ್ಟಿನ ಕೋಳಿಯನ್ನು ನಾವು ಅಹಿಂಸಾತತ್ತ್ವದ ಸೂಕ್ಷ್ಮ ನಿದರ್ಶನವೆಂದು ವಿವರಿಸುತ್ತೇವೆ. ಅದು ಒಂದು ಸಂಸಾರದ ರಾಜಿಸೂತ್ರವೂ ಹೌದು. ಎರಡು ಕಡೆಯವರಿಗೂ ಸಲ್ಲುವಂತೆ, ನಿಜವನ್ನು ಮಾತ್ರ ಬಚ್ಚಿಟ್ಟು, ಹೇಗೋ ದಿನ ದೂಡುವ ಉಪಾಯ ಅದು. ಕೂಡುಕುಟುಂಬದಲ್ಲಿ ಬಾಳಿದ ಯಾರಿಗೂ ಈ ಉಪಾಯದ ಪರಿಚಯ ಇಲ್ಲದಿರಲಾರದು. ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ಹೆಂಡತಿಗೆ ಇನ್ನೊಂದು ಬಗೆಯಲ್ಲಿ ಹೇಳಿ ಎಲ್ಲರನ್ನೂ ಸಮಾಧಾನಪಡಿಸಿದೆನೆಂದು ಭಾವಿಸುವ ಗಂಡಸರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಇದ್ದಾರೆ. ತಾಯಿಯ ಮುಂದೆ ಯಶೋಧರ ನಿಜವನ್ನು ನುಡಿದಿದ್ದರೆ ಕಥೆ ಯಾವ ಕಡೆಗೆ ತಿರುಗುತ್ತಿತ್ತೋ ಹೇಳಲಾಗದು; ಬಲಿಯ ಪ್ರಸ್ತಾಪವಂತೂ ಏಳುತ್ತಿರಲಿಲ್ಲ.

ಭವಾವಳಿಯನ್ನೂ ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಸತ್ತ ತಾಯಿ–ಮಗ ನವಿಲು ಮತ್ತು ನಾಯಿಯಾಗಿ, ಮೀನು ಮತ್ತು ಮೊಸಳೆಯಾಗಿ, ಕೋಳಿಗಳಾಗಿ ಜೊತೆಜೊತೆಗೇ ಹುಟ್ಟಿ ಸಾಯುತ್ತಾರೆ; ಕೊನೆಗೆ ಯಶೋಧರನ ಮಗ ಯಶೋಮತಿಯ ಅವಳಿಮಕ್ಕಳಾಗಿ ತಮ್ಮ ಮನೆಗೇ ಮರಳುತ್ತಾರೆ. ಅವರ ಸಂಸಾರ ಏಳು ಜನ್ಮ ಕಳೆದರೂ ಒಡೆಯುವುದಿಲ್ಲ. ಅಮೃತಮತಿಗೆ ಆ ಸರಪಳಿಯಲ್ಲಿ ಜಾಗವಿಲ್ಲ. ಅವಳ ದಾರಿ ನೇರವಾಗಿ ನರಕಕ್ಕೆ. ಅವಳ ಪಾಪವನ್ನು ನಾನು ಕಡಿಮೆ ಮಾಡುತ್ತಿಲ್ಲ. ಜನ್ಮಾಂತರಗಳಲ್ಲಿ ಕೂಡ ಸೊಸೆ ಹೊರಗಿನವಳಾಗಿಯೇ ಉಳಿದಳು ಎಂಬ ರಚನೆಯತ್ತ ಬೆರಳು ತೋರಿಸುತ್ತಿದ್ದೇನೆ, ಅಷ್ಟೆ.

ಗಿರೀಶ ಕಾರ್ನಾಡರಿಗೆ ಇದು ಹೊಳೆದಿತ್ತೆಂದು ತೋರುತ್ತದೆ. ಇದೇ ವಸ್ತುವನ್ನು ಆಧರಿಸಿದ ‘ಹಿಟ್ಟಿನ ಹುಂಜ’ದಲ್ಲಿ ಅವರು ರಾಣಿಯನ್ನು ಜೈನಳನ್ನಾಗಿಸಿ, ರಾಜ ಅವಳಿಗಾಗಿ ಆ ಧರ್ಮವನ್ನು ಸ್ವೀಕರಿಸಿದಂತೆ ಮಾಡಿ, ರಾಜಮಾತೆಯನ್ನು ಬಲಿಯ ಸಂಪ್ರದಾಯದಲ್ಲಿಯೇ ಉಳಿಸಿದರು. ಇಬ್ಬರು ಹೆಂಗಸರ ಎರಡು ಧರ್ಮಗಳ ನಡುವೆ, ಎರಡನ್ನೂ ಬಿಡಲಾರದೆ ನಿಂತವನು ರಾಜ. ನಾಟಕವನ್ನು ಹಿಂಸೆ–ಅಹಿಂಸೆಗಳ ತಾತ್ತ್ವಿಕ ಚರ್ಚೆಯೆಂದಷ್ಟೇ ನೋಡುವವರು ಈ ಮನೆವಾರ್ತೆಯನ್ನು ಕೈಬಿಡುತ್ತಾರೆ.

ಜನಪದದ ಕಡೆಗೆ ಹೊರಳಿದರೆ ‘ಕೆರೆಗೆ ಹಾರ’ ಎದುರಾಗುತ್ತದೆ. ಇದನ್ನು ನರಬಲಿಯ ಕಥನಗೀತೆಯೆಂದೂ, ಊರಿಗಾಗಿ ಮಾಡಿದ ತ್ಯಾಗದ ಹಾಡೆಂದೂ ಬಗೆಬಗೆಯಾಗಿ ಅರ್ಥೈಸಲಾಗಿದೆ. ಅದರ ಒಳಗಿನ ತರ್ಕ ಮಾತ್ರ ಅವಿಭಕ್ತ ಕುಟುಂಬದ್ದು. ಕಟ್ಟಿಸಿದ ಕೆರೆಗೆ ನೀರು ಬಾರದು. ಸೊಸೆಯನ್ನು ಆಹುತಿ ಕೊಡಬೇಕು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಆಳಿಲ್ಲವಾಗುತ್ತದೆ. ಆದ್ದರಿಂದ ಕಿರಿಯ ಸೊಸೆ ಭಾಗೀರಥಿ. ಮಗಳಂದಿರ ಮಾತು ಏಳುವುದೇ ಇಲ್ಲ. ಅತ್ತೆಮಾವಂದಿರು ಈ ಹಾಡಿನಲ್ಲಿ ಕೆಟ್ಟವರಲ್ಲ ಎಂಬುದು ವಿಶೇಷ. ಅವರು ಬೈಯುವುದಿಲ್ಲ, ಹೊಡೆಯುವುದಿಲ್ಲ. ಮನೆಯ ಲೆಕ್ಕಾಚಾರವೊಂದನ್ನು ಮಾಡಿ ಮುಗಿಸುತ್ತಾರೆ, ಅಷ್ಟೇ.

ವಿಷಯ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಮುಖವೇಕೆ ಬಾಡಿದೆ ಎಂದು ತಂದೆ ಕೇಳಿದಾಗ ಅತ್ತೆಮಾವ ತಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಡಲಿ ಬಿಡು, ಹೊಲಮನೆ ಕೊಡಿಸುತ್ತೇನೆ ಎಂಬರ್ಥದಲ್ಲಿ ತಂದೆ ಸಮಾಧಾನ ಹೇಳುತ್ತಾನೆ. ಸಾವಿನ ಸುದ್ದಿಯನ್ನು ಹೇಳಲಾರದ ಹೆಣ್ಣು ಅದಕ್ಕೆ ಬದಲಾಗಿ ಆರಿಸಿಕೊಂಡ ಪದ ‘ಬೇರೆ’ ಎಂಬುದನ್ನು ಗಮನಿಸಬೇಕು. ಕೂಡುಮನೆಯಿಂದ ಬೇರೆಯಾಗುವುದೇ ಅಂತಹ ಆಪತ್ತೆಂದು ತವರಿನವರು ನಂಬಿಯಾರು ಎಂಬ ಭರವಸೆ ಅವಳಿಗಿತ್ತು. ನಿಜವನ್ನು ಅವಳು ಬಿಚ್ಚಿ ಹೇಳುವುದು ಗೆಳತಿಯ ಮುಂದೆ ಮಾತ್ರ. ಅತ್ತೆಮಾವ ಇಟ್ಟಂತೆ ಇರಬೇಕು ಎಂಬುದಷ್ಟೇ ಅಲ್ಲಿ ದೊರೆಯುವ ಉತ್ತರ. ಇಷ್ಟೆಲ್ಲ ನಡೆಯುವಾಗ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಕೇಡಿನ ಕನಸು ಕಂಡು ಓಡಿಬಂದಾಗ, ಅವಳು ತವರಿಗೆ ಹೋಗಿದ್ದಾಳೆಂದು ತಂದೆತಾಯಿಗಳು ಸುಳ್ಳು ಹೇಳುತ್ತಾರೆ. ಅವನೂ ಅದೇ ಕೆರೆಗೆ ಹಾರುತ್ತಾನೆ. ಯಶೋಧರ ಇದ್ದೂ ಹೇಳಲಿಲ್ಲ. ಮಾದೇವರಾಯ ಹೇಳಬೇಕಾದ ಹೊತ್ತಿಗೆ ಇರಲಿಲ್ಲ. ಇಬ್ಬರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ ಎಂಬುದೇ ಇಲ್ಲಿಯ ಕಷ್ಟ.

17ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ಸೊಸೆಯ ಕರ್ತವ್ಯಗಳನ್ನು ಸವಿಸ್ತಾರವಾಗಿ ವಿಧಿಸಿದಳು. ಹೆಣ್ಣುಮಗುವನ್ನು ಹೀಗಳೆಯುವವರನ್ನು ಪ್ರಶ್ನಿಸಿದವಳೂ ಅವಳೇ. ಮನೆಯ ನಡುವೆ ನಿಂತ ಮಗನ ಧರ್ಮವೇನೆಂಬುದನ್ನು ಹೀಗೆ ಒಂದು ಗ್ರಂಥವಾಗಿ ಬರೆಯಬೇಕೆಂದು ಯಾರಿಗೂ ತೋಚಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಆಧುನಿಕ ಕಾದಂಬರಿಗೆ ಬಂದರೆ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970). ಗಂಗಮ್ಮನ ಬೈಗುಳ ಓದಿದ ಎಲ್ಲರಿಗೂ ನೆನಪಿದೆ; ಕನ್ನಡದ ‘ಕೆಟ್ಟ ಅತ್ತೆ’ಗೆ ಉದಾಹರಣೆ ಕೊಡಬೇಕಾದಾಗ ನಾಲಗೆಗೆ ಮೊದಲು ಬರುವ ಹೆಸರು ಅದು. ಆದರೆ ನಂಜಮ್ಮನನ್ನು ಹಿಂಡಿದ್ದು ಆ ಬಾಯಿಯೊಂದೇ ಅಲ್ಲ. ಶ್ಯಾನುಭೋಗಿಕೆಯ ಲೆಕ್ಕವನ್ನು ಬರೆಯುವವಳು ಅವಳು, ಶ್ಯಾನುಭೋಗನೆಂಬ ಹೆಸರು ಗಂಡ ಚೆನ್ನಿಗರಾಯನದು. ದುಡಿಮೆ ಒಬ್ಬರದು, ಅಧಿಕಾರ ಇನ್ನೊಬ್ಬರದು. ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುವ ಹೆಣ್ಣಿಗೆ ತಾನು ಬರೆದ ಕಡತದ ಮೇಲೆ ತನ್ನ ಹೆಸರಿಲ್ಲ. ಚೆನ್ನಿಗರಾಯ ತಾಯಿಯ ಪಕ್ಷವನ್ನೂ ನಿಜವಾಗಿ ಹಿಡಿಯುವುದಿಲ್ಲ, ಹೆಂಡತಿಯ ಪಕ್ಷವನ್ನೂ ಹಿಡಿಯುವುದಿಲ್ಲ. ಅವನ ಪಕ್ಷ ಊಟದ್ದು. ಗಂಗಮ್ಮನ ನಾಲಗೆಯನ್ನು ಕುರಿತು ನಾವು ಬರೆದಷ್ಟು ಪುಟಗಳನ್ನು ಇವನ ನಿಷ್ಕ್ರಿಯತೆಯನ್ನು ಕುರಿತು ಬರೆದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸೊಸೆಯನ್ನು ಪೀಡಿಸಿದ ಅತ್ತೆಯರು ಇದ್ದೇ ಇದ್ದಾರಲ್ಲ, ಅವರ ಹೊಣೆಯನ್ನು ಗಂಡಸಿನ ಮೇಲೆ ಹೊರಿಸಿ ಬಿಡುಗಡೆ ಮಾಡುವುದು ನ್ಯಾಯವೆ? ಅಲ್ಲ. ಆದರೆ ಅತ್ತೆಯೂ ಒಂದು ಕಾಲಕ್ಕೆ ಅದೇ ಹೊಸ್ತಿಲನ್ನು ದಾಟಿ ಬಂದವಳು. ಬಹುಮಟ್ಟಿಗೆ ಮಗನ ಮೂಲಕವೇ ಆ ಮನೆಯಲ್ಲಿ ಬೇರು ಬಿಟ್ಟವಳು. ಮಗ ಕೈತಪ್ಪಿದರೆ ಮನೆಯೇ ತಪ್ಪುತ್ತದೆಂಬ ಅವಳ ಭಯಕ್ಕೆ ಆಸ್ತಿಯ ನಿಯಮಗಳಲ್ಲಿ ಆಧಾರವಿತ್ತು. ವಿಧವೆಯರಿಗೂ ತಾಯಂದಿರಿಗೂ ಕೂಡುಕುಟುಂಬದ ಆಸ್ತಿಯಲ್ಲಿ ಕೆಲವು ಹಕ್ಕುಗಳನ್ನು ಮೈಸೂರು ಸಂಸ್ಥಾನದ ಕಾನೂನು ಕೊಟ್ಟದ್ದು 1933ರಲ್ಲಿ. ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಪಿತ್ರಾರ್ಜಿತದಲ್ಲಿ ಸಹದಾಯಾದಿಗಳಾದದ್ದು 1994ರ ತಿದ್ದುಪಡಿಯಿಂದ, ದೇಶದ ಮಟ್ಟದಲ್ಲಿ 2005ರಲ್ಲಿ. ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಇದರ ಎದುರಿಗಿಟ್ಟು ನೋಡಬಹುದು. ಬಂಟರಲ್ಲಿ, ಅಲ್ಲಿಯ ಜೈನರಲ್ಲಿ ಹೆಣ್ಣು ಗಂಡನ ಮನೆಯಲ್ಲಿ ಇದ್ದಾಗಲೂ ಅವಳ ಹಕ್ಕು ತಾಯಿಯ ಕುಟುಂಬದಲ್ಲಿತ್ತು, ಅವಳ ಮಕ್ಕಳೂ ಆ ಕುಟುಂಬಕ್ಕೇ ಸೇರಿದವರು. ಆ ಮನೆಗಳು ಸ್ವರ್ಗವಾಗಿದ್ದವೆಂದು ಹೇಳಲಾರೆ, ಯಜಮಾನಿಕೆ ಅಲ್ಲಿಯೂ ಹೆಚ್ಚಾಗಿ ಸೋದರಮಾವನದೇ. ಆದರೆ ಭಾಗೀರಥಿಗೆ ಇಲ್ಲದಿದ್ದ ಒಂದು ಬಾಗಿಲು ಅಲ್ಲಿಯ ಹೆಣ್ಣಿನ ಬೆನ್ನ ಹಿಂದಿತ್ತು.

ಇಂದಿನ ನ್ಯಾಯಾಲಯದ ಕಡತಗಳು ಈ ಮಾತಿಗೆ ಕಾವ್ಯಗಳಿಗಿಂತ ನೇರವಾದ ಸಾಕ್ಷ್ಯ ನುಡಿಯುತ್ತವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿತು. ಮನೆ ಅತ್ತೆಯ ಸ್ವಂತ ಹೆಸರಿನಲ್ಲಿದ್ದರೆ ಈ ಹಕ್ಕು ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. 2020ರ ಅಕ್ಟೋಬರಿನಲ್ಲಿ ಆ ತೀರ್ಪನ್ನು ತಾನೇ ಕೈಬಿಟ್ಟಿತು. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೋಗಿದ್ದ ಇನ್ನೊಂದು ಪ್ರಕರಣ ತೀರ್ಮಾನವಾಯಿತು. ಹಿರಿಯ ನಾಗರಿಕರ ಪೋಷಣೆಗಾಗಿ ಇರುವ 2007ರ ಕಾಯ್ದೆಯಡಿ ಸೊಸೆಯನ್ನು ಮನೆಯಿಂದ ತೆರವುಗೊಳಿಸಲು ಅತ್ತೆಮಾವ ಕೋರಿದ್ದರು. ಆ ಕಾಯ್ದೆಯಿಂದ ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕಲಾಗದು ಎಂದು ನ್ಯಾಯಾಲಯ ಹೇಳಿತು. ತೀರ್ಪಿನ ಸಂಗತಿಗಳ ಭಾಗವನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಬೇಕು. ನಿವೇಶನವನ್ನು ಮೊದಲು ಕೊಂಡವನು ಮಗ. ಅದು ಅವನಿಂದ ತಂದೆಯ ಹೆಸರಿಗೆ, ದಾಂಪತ್ಯ ಕೆಟ್ಟ ಮೇಲೆ ತಂದೆಯಿಂದ ದಾನಪತ್ರದ ಮೂಲಕ ತಾಯಿಯ ಹೆಸರಿಗೆ ಹೋಗಿತ್ತು. ಹೀಗೆ ಕಾಗದದ ಮೇಲೆ ಜಗಳ ಅತ್ತೆಗೂ ಸೊಸೆಗೂ ನಡುವಿನದಾಯಿತು. ಮಗ ದಸ್ತಾವೇಜಿನಿಂದ ಮೆಲ್ಲನೆ ಸರಿದುಹೋಗಿದ್ದ.

ಈ ಸರಿದುಹೋಗುವಿಕೆಯನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಳಗಿನಿಂದಲೇ ಬರೆದಿದೆ. ಚಿಕ್ಕಪ್ಪನ ದುಡಿಮೆಯ ಮೇಲೆ ನಿಂತ ಬೆಂಗಳೂರಿನ ಮನೆ, ಅಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಏನೂ ಅನ್ನದ ನಿರೂಪಕ, ಅನ್ನದೆ ಇರಲಾರದ ಅವನ ಹೆಂಡತಿ ಅನಿತಾ. ಯಶೋಧರ ತನ್ನ ಕಥೆಯನ್ನು ಹೇಳಲು ಏಳು ಜನ್ಮ ಬೇಕಾಯಿತು. ಈ ನಿರೂಪಕ ಕಾಫಿ ಹೌಸಿನ ಮೇಜಿನ ಮುಂದೆ ಕುಳಿತು ಅದನ್ನು ಆರಂಭಿಸುತ್ತಾನೆ, ಮತ್ತು ತಾನು ಯಾವಾಗ ಬಾಯಿ ತೆರೆಯಬೇಕಿತ್ತೆಂಬುದನ್ನು ಮಾತ್ರ ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತಾನೆ. ಈ ಎರಡು ಕೃತಿಗಳನ್ನು ಒಟ್ಟಿಗೆ ಇಟ್ಟು ಓದುವ ಸಂಶೋಧನ ವಿದ್ಯಾರ್ಥಿಯೊಬ್ಬರು ಮುಂದೆ ಬಂದರೆ, ‘ಅತ್ತೆ–ಸೊಸೆಯರ ಸಂಘರ್ಷ’ ಎಂಬ ಆ ಅಧ್ಯಾಯಕ್ಕೆ ಬೇರೆ ತಲೆಬರಹ ಬೇಕಾಗುತ್ತದೆ.