ಜೇನು ಕಿತ್ತವನು ಕಳ್ಳನೇ?

ಕಳ್ಳ ಎಂಬ ಮಾತು ನಮ್ಮ ಸೀಮೆಯಲ್ಲಿ ಬಹಳ ಅಗ್ಗವಾಗಿದೆ. ಹನೂರಿನ ಕಡೆ ಸೌದೆ ಹೊರೆ ಹೊತ್ತ ಹೆಂಗಸಿಗೂ ಅದೇ ಮಾತು. ಯಳಂದೂರಿನ ಮೇಲಣ ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು ಕಿತ್ತ ಸೋಲಿಗನಿಗೂ ಅದೇ ಮಾತು. ಕಾನೂನು ಮಾತ್ರ ಅಷ್ಟು ಸಲೀಸಾಗಿ ಯಾರನ್ನೂ ಕಳ್ಳನೆನ್ನುವುದಿಲ್ಲ. ಅದನ್ನು ಬಡವರಿಗೆ ಓದಿ ಹೇಳುವವರು ಕಡಮೆಯಾದ್ದರಿಂದ ನಾವು ಇಲ್ಲಿ ಓದಿ ಹೇಳುತ್ತೇವೆ.

ಮೆಕಾಲೆಯ ಕಾಲದಲ್ಲಿ ಕರಡಾಗಿ 1860ರಲ್ಲಿ ಶಾಸನವಾದ ದಂಡಸಂಹಿತೆಯ 378ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಾಗಿದೆ. ಹೆಸರು ಬದಲಾಯಿತು, ಹೂರಣ ಅದೇ. ವಸ್ತು ಚರಸ್ವತ್ತಾಗಿರಬೇಕು, ಇನ್ನೊಬ್ಬರ ವಶದಲ್ಲಿರಬೇಕು, ಅವರ ಸಮ್ಮತಿ ಇರಬಾರದು, ಒಯ್ಯಲೆಂದು ಅದನ್ನು ಕದಲಿಸಿರಬೇಕು, ಎಲ್ಲಕ್ಕೂ ಮಿಗಿಲಾಗಿ, ಒಯ್ಯುವವನ ಮನಸ್ಸಿನಲ್ಲಿ ಅಪ್ರಾಮಾಣಿಕತೆ ಇರಬೇಕು. ಐದರಲ್ಲಿ ಒಂದು ತಪ್ಪಿದರೂ ಕಳವಿಲ್ಲ. ನಿಂತ ಮರ ಚರಸ್ವತ್ತಲ್ಲ, ಕಡಿದ ಗಳಿಗೆಗೆ ಚರಸ್ವತ್ತು. ಹೊಳೆಯ ಮರಳನ್ನು ಅನುಮತಿಯಿಲ್ಲದೆ ಅಗೆದು ಸಾಗಿಸಿದರೆ ಗಣಿ ಕಾಯಿದೆಯಲ್ಲದೆ ಕಳವಿನ ಮೊಕದ್ದಮೆಯನ್ನೂ ಹೂಡಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಕಾವೇರಿಯ ಮಗ್ಗುಲಿನ ಕೊಳ್ಳೇಗಾಲದವರು ಇದನ್ನು ನೆನಪಿಡಲಿ. ಲಾರಿಯ ಯಜಮಾನನನ್ನು ಕಳ್ಳನೆಂದು ಕರೆಯಲು ನಾಲಿಗೆ ತಡವರಿಸುವುದೇಕೆ?

ಇಂಗ್ಲೆಂಡಿನ 1968ರ ಕಳವಿನ ಕಾಯಿದೆಯಲ್ಲಿ ವಸ್ತುವನ್ನು ಶಾಶ್ವತವಾಗಿ ದಕ್ಕಿಸಿಕೊಳ್ಳುವ ಉದ್ದೇಶವಿರಬೇಕು. ನಮ್ಮಲ್ಲಿ ಅದು ಬೇಡ. ಜೋಧಪುರದಿಂದ ವಾಯುಪಡೆಯ ವಿಮಾನವನ್ನು ಹಾರಿಸಿಕೊಂಡು ಹೋದ ಕೆಡೆಟ್ಟಿನ ಮೊಕದ್ದಮೆಯಲ್ಲಿ, ತಾತ್ಕಾಲಿಕವಾಗಿ ಒಯ್ದರೂ ಕಳವೇ ಎಂದು 1957ರಲ್ಲಿ ತೀರ್ಪಾಯಿತು. (ನಾವು ಮಾಸ್ತರರಾಗಿದ್ದಾಗ ಪಕ್ಕದವನ ಬಳಪ ಎತ್ತಿಕೊಂಡು ಸಂಜೆ ಹಿಂದಿಟ್ಟ ಹುಡುಗರನ್ನು ಬಿಟ್ಟುಬಿಡುತ್ತಿದ್ದೆವು, ಇಂಗ್ಲಿಷ್ ಕಾನೂನು ಪಾಲಿಸಿದೆವೆಂದು ಆಗ ತಿಳಿದಿರಲಿಲ್ಲ.) ಆ ದೇಶದ ಕಾಯಿದೆಯಲ್ಲೇ ಇನ್ನೊಂದು ಮಾತುಂಟು: ತಾನಾಗಿ ಬೆಳೆದ ಅಣಬೆ, ಹೂವು, ಹಣ್ಣುಗಳನ್ನು ಮಾರಾಟಕ್ಕಲ್ಲದೆ ಕಿತ್ತರೆ ಕಳವಲ್ಲ.

ನಮ್ಮ 2006ರ ಅರಣ್ಯ ಹಕ್ಕು ಕಾಯಿದೆ ಇದಕ್ಕಿಂತ ಮುಂದೆ ಹೋಗಿದೆ. ಜೇನು, ಮೇಣ, ಬಿದಿರು, ಗೆಡ್ಡೆಗೆಣಸು ಮುಂತಾದ ಕಿರು ಅರಣ್ಯ ಉತ್ಪನ್ನದ ಮೇಲೆ ಒಡೆತನವನ್ನೇ ಒಪ್ಪಿ, ಮಾರುವುದಕ್ಕೂ ಅಧಿಕಾರ ಕೊಟ್ಟಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಅಂದಮೇಲೆ ಪೋಡಿನವನು ಜೇನು ಕಿತ್ತರೆ ಯಾರ ಸಮ್ಮತಿ ಬೇಕು? ತನ್ನದೆಂದು ಪ್ರಾಮಾಣಿಕವಾಗಿ ನಂಬಿ ತೆಗೆದುಕೊಂಡವನು ಕಳ್ಳನಲ್ಲವೆಂದು ದಂಡಸಂಹಿತೆಯ ಉದಾಹರಣೆಯೇ ಸಾರುತ್ತದೆ. ಇಲ್ಲಿ ನಂಬಿಕೆಯಷ್ಟೇ ಅಲ್ಲ, ಸರ್ಕಾರದ ಮೊಹರೂ ಇದೆ.

ಸೌದೆಯ ಹೆಂಗಸಿನ ಪ್ರಶ್ನೆ ಇಷ್ಟು ಸುಲಭವಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆಕೆ ಬಯಲಿನವಳಾಗಿ ಅರಣ್ಯ ಹಕ್ಕು ಇಲ್ಲದಿದ್ದರೆ ಈ ಕಾಯಿದೆ ಆಸರೆಯಾಗದು. ಅರಣ್ಯ ಕಾಯಿದೆಯ ಉಲ್ಲಂಘನೆ ಬೇರೆ, ಕಳವು ಬೇರೆ ಎಂಬಷ್ಟನ್ನಾದರೂ ಕೇಸು ಬರೆಯುವವರು ನೋಡಬೇಕು.

ಹೊಸ ಸಂಹಿತೆಯಲ್ಲಿ ಒಂದು ನಯವಾದ ಗಾಳ ಇದೆ. 5000 ರೂಪಾಯಿಗಿಂತ ಕಡಮೆ ಬೆಲೆಯ ಕಳವಾಗಿ, ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸೆರೆಮನೆಯಿಲ್ಲ, ಸಮುದಾಯ ಸೇವೆ. ನಿಜವಾಗಿ ಕದ್ದವನಿಗೆ ಇದು ಒಳ್ಳೆಯದೇ. ಹಕ್ಕುಳ್ಳವನು ಮಾತ್ರ ಅಲೆದಾಟಕ್ಕೆ ಬೇಸತ್ತು "ತಪ್ಪಾಯಿತು ಸ್ವಾಮಿ" ಎಂದು ಒಪ್ಪಿಕೊಂಡರೆ, ಕಸ ಗುಡಿಸಿ ಮನೆಗೆ ಬಂದರೂ ಕಾಗದದಲ್ಲಿ ಕಳ್ಳನಾಗಿಯೇ ಉಳಿಯುತ್ತಾನೆ. ಒಪ್ಪಿಗೆಯ ಹೆಬ್ಬೆಟ್ಟೊತ್ತುವ ಮೊದಲು ಗ್ರಾಮಸಭೆಯ ಹಕ್ಕುಪತ್ರದ ನಕಲನ್ನು ವಕೀಲರ ಕೈಗೆ ಕೊಡಿ.